ಮೊಣಕಾಲನ್ನು ಅರಿಯೋಣ, ಉಳಿಸಿಕೊಳ್ಳೋಣ

(ಗುಳೇದಗುಡ್ಡದಲ್ಲಿ ನೇಕಾರ ಕುಟುಂಬಗಳ ಆರೋಗ್ಯ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)



ಗುಳೇದಗುಡ್ಡ ಅಂದ ಕೂಡಲೇ ಎಲ್ಲರಿಗೂ ನೆನಪಾಗುವುದು ಖಣ. ಇಳಕಲ್ಲ ಸೀರೆಗೆ ಗುಳೇದಗುಡ್ಡದ ಖಣದ ಕುಪ್ಪಸವೇ ಜೋಡಿ. ಈ ಖಣಕ್ಕೆ ಭೌಗೋಳಿಕ ಗುರುತಿನ ಮಾನ್ಯತೆಯೂ ಸಿಕ್ಕಿದೆ. ತೇರು, ಆನೆ ಹೆಜ್ಜೆ ಎಂದು ಅದರ ಒಂದೊಂದು ವಿನ್ಯಾಸಕ್ಕೂ ಹೆಸರಿದೆ. ಖಣವನ್ನು ಕೈಯಲ್ಲಿ ಹಿಡಿದು ಹೊಗಳುವವರು ನೇಕಾರನ ಕೈಚಳಕವನ್ನು ಹೊಗಳುತ್ತಾರೆ. ಆದರೆ ನಿಮಗೆ ಗೊತ್ತು, ಲಾಳಿ ಓಡಬೇಕಾದರೆ ಮೊದಲು ಕಾಲು ತುಳಿಯಬೇಕು. ಕಾಲು ತುಳಿದರೆ ಹಾಸಿನ ಎಳೆಗಳು ಬಾಯಿ ಬಿಡುತ್ತವೆ, ಆಮೇಲೆ ಲಾಳಿ ನುಗ್ಗುತ್ತದೆ. ಅಂದರೆ ಪ್ರತಿ ಹೊಕ್ಕಿನ ಎಳೆಯ ಹಿಂದೆ ಒಂದು ಮೊಣಕಾಲು ಕೆಲಸ ಮಾಡಿರುತ್ತದೆ. ಅದನ್ನು ಹೊಗಳುವವರು ಯಾರೂ ಇಲ್ಲ. ಅದು ನೋಯಲು ಶುರುವಾದ ಮೇಲೆ ಮಾತ್ರ ನಮಗೆ ಅದರ ನೆನಪಾಗುತ್ತದೆ.

ನೋವು ಬಂದಾಗ ನಮ್ಮ ಮಂದಿ ಹೇಳುವ ಮಾತು ಒಂದೇ: "ಮೊಣಕಾಲು ಸವದಾವ್ರಿ." ಚಕ್ಕಡಿಯ ಅಚ್ಚು ಸವೆದ ಹಾಗೆ, ಬಾಗಿಲ ತಿರುಗುಣಿ ಸವೆದ ಹಾಗೆ ನಮ್ಮ ಕಾಲೂ ಸವೆದಿದೆ ಅಂತ ತಿಳಿಯುತ್ತೇವೆ. ಸವೆದದ್ದನ್ನು ಜಾಸ್ತಿ ಬಳಸಬಾರದು, ಆದಷ್ಟು ಕೂತೇ ಇರಬೇಕು ಅಂತ ತೀರ್ಮಾನ ಮಾಡುತ್ತೇವೆ. ಈ ಒಂದು ಮಾತಿನಿಂದ ಎಷ್ಟೋ ಮನೆಗಳಲ್ಲಿ ಮಗ್ಗ ನಿಂತಿದೆ. ಈ ಮಾತು ಎಷ್ಟು ನಿಜ, ಎಷ್ಟು ತಪ್ಪು ಎಂದು ನೋಡಬೇಕಾದರೆ ಮೊಣಕಾಲಿನ ಒಳಗೆ ಏನಿದೆ, ಅದು ಹೇಗೆ ಕೆಲಸ ಮಾಡುತ್ತದೆ ಎಂದು ತಿಳಿಯಬೇಕು. ಮಗ್ಗದ ಒಂದೊಂದು ಭಾಗ ಗೊತ್ತಿರುವ ನಿಮಗೆ ಇದು ಕಷ್ಟದ ವಿಷಯವೇನಲ್ಲ.

ಒಳಗೆ ಏನೇನಿದೆ?

ನಮ್ಮ ಮೈಯಲ್ಲಿರುವ ಕೀಲುಗಳಲ್ಲೆಲ್ಲ ಮೊಣಕಾಲೇ ದೊಡ್ಡದು. ಇಲ್ಲಿ ಮೂರು ಎಲುಬುಗಳು ಸೇರುತ್ತವೆ. ಮೇಲಿನಿಂದ ತೊಡೆಯ ಎಲುಬು, ಕೆಳಗಿನಿಂದ ಕಣಕಾಲಿನ ದಪ್ಪ ಎಲುಬು, ಮುಂದೆ ಚಿಪ್ಪು. ಕಣಕಾಲಿನಲ್ಲಿ ಇನ್ನೊಂದು ತೆಳ್ಳನೆಯ ಎಲುಬು ಉಂಟು, ಆದರೆ ಅದು ಪಕ್ಕದಲ್ಲಿ ನಿಂತಿರುತ್ತದೆ, ಕೀಲಿನ ಒಳಗೆ ಬರುವುದಿಲ್ಲ.

ತೊಡೆಯ ಎಲುಬಿನ ತುದಿ ಎರಡು ಗುಂಡನೆಯ ಉಬ್ಬುಗಳಾಗಿ ಕೊನೆಯಾಗುತ್ತದೆ. ಕೆಳಗಿನ ಎಲುಬಿನ ತಲೆ ಮಾತ್ರ ಹೆಚ್ಚು ಕಡಿಮೆ ಚಪ್ಪಟೆ. ಗುಂಡನೆಯದು ಚಪ್ಪಟೆಯ ಮೇಲೆ ನಿಲ್ಲುವುದು ಹೇಗೆ? ನೀರಿನ ಕೊಡ ತಲೆ ಮೇಲೆ ಇಟ್ಟುಕೊಳ್ಳುವಾಗ ನೀವು ಸಿಂಬಿ ಇಟ್ಟುಕೊಳ್ಳುತ್ತೀರಲ್ಲ, ಅದೇ ಉಪಾಯ ಇಲ್ಲಿಯೂ ಇದೆ. ಎರಡು ಉಬ್ಬುಗಳ ಕೆಳಗೂ ಅರ್ಧಚಂದ್ರದ ಆಕಾರದ ಎರಡು ಗಾದಿಗಳಿವೆ. ಡಾಕ್ಟರು ಇವನ್ನು ಮೆನಿಸ್ಕಸ್ ಎನ್ನುತ್ತಾರೆ. ಅಂಚಿನಲ್ಲಿ ದಪ್ಪ, ಒಳಗೆ ತೆಳು. ಸಿಂಬಿ ಕೊಡದ ಭಾರವನ್ನು ತಲೆಯ ತುಂಬ ಹಂಚುವ ಹಾಗೆ ಇವು ಮೈಭಾರವನ್ನು ಎಲುಬಿನ ತುಂಬ ಹಂಚುತ್ತವೆ. ಸಿಂಬಿ ಹರಿದರೆ ಭಾರವೆಲ್ಲ ಒಂದೇ ಕಡೆ ಬೀಳುತ್ತದೆ.

ಎಲುಬುಗಳ ತುದಿಗೆ ನುಣುಪಾದ ಬಿಳಿ ಹೊದಿಕೆ ಇದೆ. ಇದಕ್ಕೆ ಮೃದ್ವಸ್ಥಿ, ಕಾರ್ಟಿಲೇಜ್ ಎಂದು ಹೆಸರು. ಇದರ ದಪ್ಪ ಬರೀ ಕೆಲವು ಮಿಲಿಮೀಟರ್. ಇಡೀ ಮೈಯಲ್ಲಿ ಈ ಹೊದಿಕೆ ಎಲ್ಲಕ್ಕಿಂತ ದಪ್ಪ ಇರುವುದು ಮೊಣಕಾಲ ಚಿಪ್ಪಿನ ಹಿಂಭಾಗದಲ್ಲಿ. ಅಲ್ಲಿ ಎಷ್ಟು ಒತ್ತಡ ಬೀಳುತ್ತದೆ ಎನ್ನುವುದಕ್ಕೆ ಇದೇ ಸಾಕ್ಷಿ.

ಇವನ್ನೆಲ್ಲ ಹಿಡಿದಿಡಲು ನಾಲ್ಕು ಮುಖ್ಯ ಕಟ್ಟುನಾರುಗಳಿವೆ. ಎರಡು ಅಕ್ಕಪಕ್ಕದಲ್ಲಿ, ಕಾಲು ಎಡಕ್ಕೂ ಬಲಕ್ಕೂ ವಾಲದಂತೆ. ಇನ್ನೆರಡು ಕೀಲಿನ ನಡುವೆ ಗುಣಾಕಾರದ ಗುರುತಿನಂತೆ ಅಡ್ಡಡ್ಡ ಹಾಯ್ದಿವೆ, ಕೆಳಗಿನ ಎಲುಬು ಮುಂದಕ್ಕೂ ಹಿಂದಕ್ಕೂ ಜಾರದಂತೆ. ಕಬಡ್ಡಿ ಆಡುವ ಹುಡುಗರು ಕಾಲು ತಿರುಚಿಕೊಂಡು ಬಿದ್ದಾಗ ಹರಿಯುವುದು ಸಾಮಾನ್ಯವಾಗಿ ಈ ನಡುವಿನ ಮುಂದಿನ ನಾರು.

ಒಳಗೆ ಎಣ್ಣೆಯ ಹಾಗಿರುವ ಅಂಟು ದ್ರವವೂ ಇದೆ. ಎಷ್ಟು ಅಂತೀರಿ? ಆರೋಗ್ಯವಂತ ಮೊಣಕಾಲಿನಲ್ಲಿ ಒಂದು ಸಣ್ಣ ಚಮಚೆಯಷ್ಟೂ ಇರುವುದಿಲ್ಲ. ಅಷ್ಟರಲ್ಲೇ ಇಡೀ ಜನ್ಮದ ಓಡಾಟ ನಡೆಯುತ್ತದೆ.

ಬಾಗಿಲ ತಿರುಗುಣಿಯ ಹಾಗಲ್ಲ

ಮೊಣಕಾಲು ಬಾಗಿಲ ಕೀಲಿನ ಹಾಗೆ ಮಡಚುತ್ತದೆ, ಬಿಚ್ಚುತ್ತದೆ, ಅಷ್ಟೇ ಅಂತ ಮೇಲುನೋಟಕ್ಕೆ ಅನ್ನಿಸುತ್ತದೆ. ನಿಜವಾಗಿ ಅಲ್ಲಿ ಮೂರು ಕೆಲಸಗಳು ಒಟ್ಟಿಗೇ ನಡೆಯುತ್ತವೆ.

ಮೊದಲನೆಯದು ಉರುಳುವುದು ಮತ್ತು ಜಾರುವುದು. ಕಾಲು ಮಡಚುವಾಗ ತೊಡೆಯ ಎಲುಬಿನ ಗುಂಡು ಹಿಂದಕ್ಕೆ ಉರುಳುತ್ತದೆ. ಬರೀ ಉರುಳಿದರೆ ಅದು ಕೆಳಗಿನ ಎಲುಬಿನ ಹಿಂಬದಿಯಿಂದ ಬಿದ್ದೇ ಹೋಗಬೇಕು. ಹಾಗಾಗದಂತೆ ಉರುಳುತ್ತಲೇ ಮುಂದಕ್ಕೆ ಜಾರುತ್ತದೆ. ಕೆಸರಿನಲ್ಲಿ ಸಿಕ್ಕ ಚಕ್ಕಡಿಯ ಗಾಲಿ ತಿರುಗುತ್ತದೆ, ಆದರೆ ಇದ್ದ ಜಾಗದಲ್ಲೇ ಇರುತ್ತದೆ, ನೋಡಿದ್ದೀರಲ್ಲ? ಹಾಗೆ. ಈ ಉರುಳು ಮತ್ತು ಜಾರು ಎರಡರ ಲೆಕ್ಕ ತಪ್ಪದಂತೆ ಎಳೆದು ಹಿಡಿಯುವುದು ಆ ನಡುವಿನ ಎರಡು ನಾರುಗಳು.

ಎರಡನೆಯದು ಕೀಲಿ ಹಾಕುವುದು. ಕಾಲನ್ನು ಪೂರ್ತಿ ನೆಟ್ಟಗೆ ಮಾಡುವಾಗ ಕೊನೆಯ ಸ್ವಲ್ಪ ಅಂತರದಲ್ಲಿ ಕಣಕಾಲಿನ ಎಲುಬು ಹೊರಕ್ಕೆ ಕೊಂಚ ತಿರುಗಿ, ತಿರುಪು ಬಿಗಿದಂತೆ ಕೂತುಬಿಡುತ್ತದೆ. ಆಗ ಮೊಣಕಾಲಿಗೆ ಕೀಲಿ ಬೀಳುತ್ತದೆ. ಅದಕ್ಕೇ ನಾವು ನೀರಿನ ಸರದಿಯಲ್ಲಿ, ರೇಷನ್ ಅಂಗಡಿಯ ಮುಂದೆ ಬಹಳ ಹೊತ್ತು ನಿಂತರೂ ತೊಡೆ ಅಷ್ಟಾಗಿ ದಣಿಯುವುದಿಲ್ಲ. ಮತ್ತೆ ಮಡಚಬೇಕಾದಾಗ ಮೊಣಕಾಲ ಹಿಂದಿರುವ ಒಂದು ಸಣ್ಣ ಸ್ನಾಯು ಬೀಗದ ಕೈಯಂತೆ ಕೀಲಿ ತೆಗೆಯುತ್ತದೆ. ಈ ಮಾತನ್ನು ನೆನಪಿಡಿ. ಕಾಲು ಪೂರ್ತಿ ನೆಟ್ಟಗಾಗದಿದ್ದರೆ ಕೀಲಿ ಬೀಳುವುದಿಲ್ಲ. ಕೀಲಿ ಬೀಳದಿದ್ದರೆ ನಿಂತಷ್ಟು ಹೊತ್ತೂ ತೊಡೆಯ ಸ್ನಾಯು ದುಡಿಯುತ್ತಲೇ ಇರಬೇಕು, ಕೀಲಿನ ಮೇಲೆ ಒತ್ತಡ ಬೀಳುತ್ತಲೇ ಇರಬೇಕು.

ಮೂರನೆಯದು ಚಿಪ್ಪಿನ ಕೆಲಸ. ತೊಡೆಯ ಮುಂದಿನ ದೊಡ್ಡ ಸ್ನಾಯು ನಾಲ್ಕು ಪಾಲಾಗಿ ಬಂದು, ಚಿಪ್ಪನ್ನು ಹಿಡಿದುಕೊಂಡು, ಕೆಳಗೆ ಕಣಕಾಲಿಗೆ ಅಂಟುತ್ತದೆ. ಬಾವಿಯ ರಾಟೆಯ ಮೇಲೆ ಹಗ್ಗ ಹಾಯುವಂತೆ ಈ ಸ್ನಾಯು ಚಿಪ್ಪಿನ ಆಸರೆಯಿಂದ ಎಲುಬಿನ ಮೇಲೆ ಹಾಯುತ್ತದೆ. ಚಿಪ್ಪು ಹಗ್ಗವನ್ನು ಕೀಲಿನಿಂದ ಸ್ವಲ್ಪ ಮುಂದಕ್ಕೆ ಎತ್ತಿ ಹಿಡಿಯುವುದರಿಂದ ಕಡಿಮೆ ಬಲದಲ್ಲಿ ಹೆಚ್ಚು ಕೆಲಸವಾಗುತ್ತದೆ. ಹಾರೆಯ ಹಿಡಿಕೆ ಉದ್ದ ಇದ್ದಷ್ಟೂ ಕಲ್ಲು ಸುಲಭವಾಗಿ ಏಳುತ್ತದಲ್ಲ, ಅದೇ ನ್ಯಾಯ.

ಭಾರದ ಲೆಕ್ಕ

ಈಗ ಒಂದು ಲೆಕ್ಕ ಮಾಡೋಣ. ಒಬ್ಬ ತಾಯಿಯ ತೂಕ 60 ಕಿಲೋ ಅಂತ ಇಟ್ಟುಕೊಳ್ಳಿ. ಅವರು ಸಮನೆಲದ ಮೇಲೆ ನಡೆಯುವಾಗ ಹೆಜ್ಜೆ ಊರಿದ ಮೊಣಕಾಲಿನ ಮೇಲೆ ಬೀಳುವ ಒತ್ತಡ 60 ಕಿಲೋ ಅಲ್ಲ. ಮೈಭಾರದ ಎರಡರಿಂದ ಮೂರು ಪಟ್ಟು, ಅಂದರೆ ಸುಮಾರು 120ರಿಂದ 180 ಕಿಲೋ. ಮೆಟ್ಟಿಲು ಹತ್ತಿ ಇಳಿಯುವಾಗ ಮೂರು ಪಟ್ಟಿಗೂ ಮೇಲೆ.

"ನನ್ನ ತೂಕ ಅರವತ್ತು, ನೂರೈವತ್ತು ಎಲ್ಲಿಂದ ಬಂತ್ರಿ?" ಅಂತ ಕೇಳಬಹುದು. ತುಂಬಿದ ಕೊಡವನ್ನು ಸೊಂಟಕ್ಕೆ ಒತ್ತಿ ಹಿಡಿದರೆ ಹಗುರ. ಅದೇ ಕೊಡವನ್ನು ಕೈ ಚಾಚಿ ಹಿಡಿಯಿರಿ, ರಟ್ಟೆ ಬಿದ್ದುಹೋಗುತ್ತದೆ. ಕೊಡದ ತೂಕ ಹೆಚ್ಚಾಗಲಿಲ್ಲ, ಅದನ್ನು ಹಿಡಿಯಲು ಸ್ನಾಯು ಎಳೆಯಬೇಕಾದ ಬಲ ಹೆಚ್ಚಾಯಿತು. ಮೊಣಕಾಲಿನಲ್ಲೂ ಹಾಗೆಯೇ. ಮೈ ಬೀಳದಂತೆ ಸುತ್ತಲಿನ ಸ್ನಾಯುಗಳು ಎಳೆಯುತ್ತವೆ. ಆ ಎಳೆತವೂ ಕೀಲನ್ನು ಒತ್ತುತ್ತದೆ. ಮೈಭಾರಕ್ಕೆ ಈ ಎಳೆತ ಕೂಡಿ ಒಟ್ಟು ಒತ್ತಡವಾಗುತ್ತದೆ.

ಚಿಪ್ಪಿನ ಹಿಂದೆ ಬೀಳುವ ಒತ್ತಡ ಬೇರೆ. ಸಮನೆಲದ ನಡಿಗೆಯಲ್ಲಿ ಅದು ಮೈಭಾರದ ಅರ್ಧದಷ್ಟು. ಮೆಟ್ಟಿಲಿನಲ್ಲಿ ಸುಮಾರು ಮೂರು ಪಟ್ಟು. ಪೂರ್ತಿ ಕುಕ್ಕರಗಾಲಿನಲ್ಲಿ ಕೂತು ಏಳುವಾಗ ಏಳು ಪಟ್ಟಿನವರೆಗೂ ಹೋಗುತ್ತದೆ. 60 ಕಿಲೋದವರಿಗೆ ಅದು 400 ಕಿಲೋ ದಾಟಿತು, ನಾಲ್ಕು ಕ್ವಿಂಟಲ್ ಜೋಳದ ತೂಕ. "ನಡೆದಾಗ ಏನೂ ಇಲ್ಲರಿ, ಕೂತು ಏಳೂವಾಗ ಜೀವ ಹೋಗತೈತಿ" ಅಂತ ನೀವು ಹೇಳುವುದಕ್ಕೆ ಇದೇ ಕಾರಣ.

ಇದರಲ್ಲಿ ಒಂದು ಸಂತೋಷದ ಸುದ್ದಿಯೂ ಇದೆ. ತೂಕ ಹೆಚ್ಚಿದ್ದು ಮೊಣಕಾಲು ನೋಯುವವರ ನಡಿಗೆಯನ್ನು ಅಮೇರಿಕದಲ್ಲಿ ಅಳೆದು ನೋಡಿ 2005ರಲ್ಲಿ ಪ್ರಕಟಿಸಿದರು. ಒಂದು ಕಿಲೋ ತೂಕ ಇಳಿದರೆ ಪ್ರತಿ ಹೆಜ್ಜೆಗೆ ಮೊಣಕಾಲಿನ ಒತ್ತಡ ಸುಮಾರು ನಾಲ್ಕು ಕಿಲೋ ಕಡಿಮೆಯಾಗುತ್ತದೆ. ದಿನಕ್ಕೆ 5,000 ಹೆಜ್ಜೆ ನಡೆದರೆ ಒಂದೊಂದು ಕಾಲಿಗೆ 2,500 ಹೆಜ್ಜೆ. ಒಂದೇ ಕಿಲೋ ಇಳಿಸಿದರೂ ಒಂದು ಮೊಣಕಾಲಿಗೆ ದಿನಕ್ಕೆ ಕೂಡಿ 10,000 ಕಿಲೋ ಭಾರ ತಪ್ಪಿತು. ಫ್ರೇಮಿಂಗ್‌ಹ್ಯಾಮ್ ಎಂಬ ಊರಿನ ಜನರನ್ನು ವರ್ಷಾನುಗಟ್ಟಲೆ ಗಮನಿಸಿದ ಇನ್ನೊಂದು ಅಧ್ಯಯನ 1992ರಲ್ಲಿ ಬಂತು. ಹತ್ತು ವರ್ಷದಲ್ಲಿ ಸುಮಾರು 5 ಕಿಲೋ ಇಳಿಸಿಕೊಂಡ ಹೆಂಗಸರಲ್ಲಿ ಮೊಣಕಾಲಿನ ಸಂಧಿವಾತ ಬರುವ ಸಂಭವ ಅರ್ಧಕ್ಕಿಂತ ಹೆಚ್ಚು ಕಡಿಮೆಯಾಗಿತ್ತು. ಇದಕ್ಕೆ ಔಷಧಿ ಬೇಡ, ದುಡ್ಡು ಬೇಡ.

ಮೊಣಕಾಲು ಉಣ್ಣುವುದು ಹೇಗೆ?

ಈಗ "ಸವದಾವ್ರಿ" ಎನ್ನುವ ಮಾತಿಗೆ ಬರೋಣ. ಎಲುಬಿನ ತುದಿಯ ಆ ನುಣುಪು ಹೊದಿಕೆಯಲ್ಲಿ ರಕ್ತನಾಳಗಳಿಲ್ಲ. ನರಗಳೂ ಇಲ್ಲ. ರಕ್ತ ಹೋಗದ ಜಾಗಕ್ಕೆ ಆಹಾರ ಮುಟ್ಟುವುದು ಹೇಗೆ? ಮುಖ್ಯವಾಗಿ ಆ ಚಮಚೆಯಷ್ಟು ದ್ರವದಿಂದಲೇ.

ನೂಲಿಗೆ ಬಣ್ಣ ಹಾಕುವವರನ್ನು ಕೇಳಿ. ಲಡಿಯನ್ನು ಬಣ್ಣದಲ್ಲಿ ಸುಮ್ಮನೆ ಇಳಿಬಿಟ್ಟರೆ ಒಳಗಿನ ಎಳೆಗೆ ಬಣ್ಣ ಸರಿಯಾಗಿ ಹಿಡಿಯುವುದಿಲ್ಲ. ಅದ್ದಬೇಕು, ಒತ್ತಬೇಕು, ಬಿಡಬೇಕು, ಮತ್ತೆ ಅದ್ದಬೇಕು. ಮೊಣಕಾಲಿನ ಹೊದಿಕೆಯೂ ಹೀಗೆಯೇ ಉಣ್ಣುತ್ತದೆ. ಹೆಜ್ಜೆ ಊರಿದಾಗ ಒತ್ತಿಕೊಂಡು ಹಳೆಯ ದ್ರವ ಹೊರಗೆ ಬರುತ್ತದೆ. ಹೆಜ್ಜೆ ಎತ್ತಿದಾಗ ಹಿಗ್ಗಿ, ಹೊಸ ದ್ರವವನ್ನು ಅದರಲ್ಲಿರುವ ಪೋಷಣೆಯ ಜೊತೆ ಹೀರಿಕೊಳ್ಳುತ್ತದೆ. ಒತ್ತುವುದು, ಬಿಡುವುದು ಎರಡೂ ಬೇಕು. ಒತ್ತಿಯೇ ಹಿಡಿದರೂ ಉಪವಾಸ, ಒತ್ತದೇ ಬಿಟ್ಟರೂ ಉಪವಾಸ.

ಆದ್ದರಿಂದ ಮೊಣಕಾಲನ್ನು ಚಕ್ಕಡಿಯ ಅಚ್ಚಿಗೆ ಹೋಲಿಸುವುದು ಸರಿಯಲ್ಲ. ಅಚ್ಚು ತಿರುಗಿದಷ್ಟೂ ಸವೆಯುತ್ತದೆ. ಮೊಣಕಾಲು ಜೀವಂತ ವಸ್ತು, ಹದವಾದ ಚಲನೆಯಿಂದ ಉಳಿಯುತ್ತದೆ. ಸಂಧಿವಾತದಲ್ಲಿ ಹೊದಿಕೆ ತೆಳುವಾಗುವುದು ನಿಜ, ಹೋದ ಹೊದಿಕೆ ಮೊದಲಿನಂತೆ ಬೆಳೆಯುವುದಿಲ್ಲ ಎನ್ನುವುದೂ ನಿಜ. ಆದರೆ ಹೊದಿಕೆಗೆ ನರವೇ ಇಲ್ಲದ ಮೇಲೆ ನೋವು ಬರುವುದು ಅದರಿಂದಲ್ಲ. ಸುತ್ತಲಿನ ಪೊರೆ, ಎಲುಬು, ನಾರು ಮತ್ತು ದಣಿದ ಸ್ನಾಯುಗಳಿಂದ ಬರುತ್ತದೆ. ಎಕ್ಸ್‌ರೇಯಲ್ಲಿ ಬಹಳ ಸವೆದಂತೆ ಕಂಡ ಕೆಲವರು ಆರಾಮಾಗಿ ನಡೆಯುತ್ತಾರೆ. ಎಕ್ಸ್‌ರೇ ಚೆನ್ನಾಗಿದ್ದ ಕೆಲವರು ನೋವಿನಿಂದ ನರಳುತ್ತಾರೆ. ಆದ್ದರಿಂದ ಎಕ್ಸ್‌ರೇ ನೋಡಿ ಎದೆಗುಂದಬೇಡಿ.

ಕುಣಿ ಮಗ್ಗದಲ್ಲಿ ಕೂತಾಗ

ಕುಣಿ ಮಗ್ಗದಲ್ಲಿ ನೇಕಾರ ನೆಲದ ಮಟ್ಟದಲ್ಲಿ ಕೂತು ಕಾಲನ್ನು ಕುಣಿಯೊಳಗೆ ಇಳಿಬಿಡುತ್ತಾನೆ. ಮೊಣಕಾಲಿನ ಲೆಕ್ಕದಲ್ಲಿ ಇದು ಕೆಟ್ಟ ಆಸನವೇನೂ ಅಲ್ಲ. ಚಕ್ಕಳಮಕ್ಕಳ ಹಾಕಿ ಕೂತಿದ್ದಕ್ಕಿಂತ ಕಾಲು ಕಡಿಮೆ ಮಡಚಿರುತ್ತದೆ, ಮೈಭಾರ ಕುಂಡಿಯ ಮೇಲಿರುತ್ತದೆ. ತುಳಿಹಲಗೆ ತುಳಿಯುವಾಗ ಕಾಲು ಅಲ್ಲಾಡುತ್ತಲೂ ಇರುತ್ತದೆ. ಹಿರಿಯರು ಸುಮ್ಮನೆ ಕುಣಿ ತೋಡಲಿಲ್ಲ.

ಆದರೆ ಮೂರು ತೊಂದರೆಗಳಿವೆ. ತುಳಿಯುವ ಚಲನೆ ಬಹಳ ಗಿಡ್ಡದು. ಮೊಣಕಾಲು ಮಡಚಿದ ಸ್ಥಿತಿಯಲ್ಲೇ ಸ್ವಲ್ಪ ಹಿಂದೆ ಮುಂದೆ ಆಗುತ್ತದೆ, ಪೂರ್ತಿ ನೆಟ್ಟಗಾಗುವುದೇ ಇಲ್ಲ. ವರ್ಷಾನುಗಟ್ಟಲೆ ಹೀಗೇ ಕೂತರೆ ಹಿಂದಿನ ಸ್ನಾಯುಗಳು ಗಿಡ್ಡಾಗುತ್ತವೆ, ಕೊನೆಯ ಆ ಕೀಲಿ ಬೀಳುವ ಜಾಗ ಕೈತಪ್ಪುತ್ತದೆ. ಎರಡನೆಯದು, ಗಂಟೆಗಟ್ಟಲೆ ಮೈಭಾರ ಕಾಲಿನ ಮೇಲೆ ಬೀಳದೇ ಇರುವುದರಿಂದ ತೊಡೆಯ ಮುಂದಿನ ಸ್ನಾಯು ಸೊರಗುತ್ತದೆ. ಮೂರನೆಯದು, ಕುಣಿಯ ಅಂಚು ತೊಡೆಯ ಹಿಂಭಾಗಕ್ಕೆ ಒತ್ತಿ ಕಾಲು ಜೋಮು ಹಿಡಿಯುತ್ತದೆ. ಕುಣಿಯಿಂದ ಒಮ್ಮೆಲೇ ಮೇಲೇಳುವಾಗ, ದಣಿದ ಆ ತೊಡೆಯ ಮೇಲೆಯೇ ಎಲ್ಲ ಭಾರ ಬೀಳುತ್ತದೆ.

ಕಂಡಿಕೆ ಸುತ್ತುವ ತಾಯಂದಿರ ಪಾಡು ಇದಕ್ಕಿಂತ ಕಷ್ಟ. ನೆಲದ ಮೇಲೆ ಕಾಲು ಮಡಚಿ ಕೂತು ರಾಟಿ ತಿರುಗಿಸುವಾಗ ಮೊಣಕಾಲು ಪೂರ್ತಿ ಮಡಚಿ ಹಾಗೇ ನಿಂತಿರುತ್ತದೆ. ಒತ್ತಡ ಇದೆ, ಬಿಡುವಿಲ್ಲ. ಅದೇ ತಾಯಿ ಎದ್ದು ಹೋಗಿ ಒಲೆ ಮುಂದೆ ಕೂತು ರೊಟ್ಟಿ ಬಡಿಯುತ್ತಾಳೆ, ಬಚ್ಚಲಲ್ಲಿ ಕೂತು ಬಟ್ಟೆ ಒಗೆಯುತ್ತಾಳೆ. ದಿನಕ್ಕೆ ಎಷ್ಟು ಸಾರಿ ನೆಲದಿಂದ ಏಳುತ್ತಾಳೆ ಎಂದು ಮನೆಯವರು ಯಾರಾದರೂ ಎಣಿಸಿದ್ದೀರಾ? ಎಣಿಸಿ ನೋಡಿ. ಪವರ್‌ಲೂಮಿನವರಿಗೆ ಬೇರೆ ತೊಂದರೆ. ಅವರು ಸಿಮೆಂಟ್ ನೆಲದ ಮೇಲೆ ಇಡೀ ಪಾಳಿ ನಿಂತೇ ಇರಬೇಕು.

ಒಂದು ಮನೆಯನ್ನು ಊಹಿಸಿಕೊಳ್ಳಿ. ನಲವತ್ತೈದು ವರ್ಷದ ತಾಯಿಗೆ ಮೊಣಕಾಲು ನೋಯುತ್ತದೆ. ಯಾರೋ "ಸವದೈತಿ, ಏಳಬ್ಯಾಡ" ಅಂದರು. ಆಕೆ ಓಡಾಟ ಬಿಟ್ಟಳು. ಮೂರು ತಿಂಗಳಲ್ಲಿ ತೊಡೆ ಸೊರಗಿತು, ತೂಕ ಏರಿತು. ಸೊರಗಿದ ತೊಡೆಗೆ ಏರಿದ ತೂಕ ತಡೆಯಲಿಲ್ಲ, ನೋವು ಇನ್ನೂ ಹೆಚ್ಚಾಯಿತು. ಕಂಡಿಕೆ ಸುತ್ತುವವರಿಲ್ಲದೆ ಗಂಡನ ಮಗ್ಗವೂ ನಿಧಾನವಾಯಿತು. ಮಗಳು ಶಾಲೆ ತಪ್ಪಿಸಿ ರಾಟಿಗೆ ಕೂತಳು. ಒಂದು ಮೊಣಕಾಲಿನ ನೋವು ಒಂದು ಹುಡುಗಿಯ ಓದಿನ ತನಕ ಹೋಯಿತು, ನೋಡ್ರಿ. ಈ ಸರಪಳಿಯನ್ನು ಎಲ್ಲಿ ಕಡಿಯಬೇಕು? ತೊಡೆಯಲ್ಲಿ. ತೊಡೆಯ ಸ್ನಾಯು ಗಟ್ಟಿಯಾದರೆ ಉಳಿದದ್ದು ತಾನಾಗಿ ಸಡಿಲವಾಗುತ್ತದೆ.

ನಾವು ಮಾಡಬೇಕಾದ್ದು

1. ಕಾಲು ಚಾಚಿ ಕೂತು ಮೊಣಕಾಲ ಕೆಳಗೆ ಮಡಚಿದ ಟವೆಲ್ ಇಡಿ. ಟವೆಲನ್ನು ನೆಲಕ್ಕೆ ಒತ್ತಿ, ಐದು ಎಣಿಸಿ, ಬಿಡಿ. ಹೀಗೆ ಹತ್ತು ಸಾರಿ. ಕೀಲಿ ಬೀಳುವ ಜಾಗ ಮತ್ತೆ ಸಿಗುವುದು ಇದರಿಂದ.

2. ಮಲಗಿ ಒಂದು ಕಾಲು ಮಡಚಿ, ಇನ್ನೊಂದನ್ನು ನೆಟ್ಟಗೆ ಇಟ್ಟು ಒಂದು ಗೇಣು ಮೇಲೆತ್ತಿ. ಐದು ಎಣಿಸಿ ನಿಧಾನ ಇಳಿಸಿ. ಒಂದೊಂದು ಕಾಲಿಗೆ ಹತ್ತು ಸಾರಿ.

3. ಗೋಡೆಗೆ ತಾಗಿಸಿಟ್ಟ ಕುರ್ಚಿಯಿಂದ ಕೈ ಊರದೆ ಎದ್ದು ಕೂರಿ. ಆಗದಿದ್ದರೆ ಮೊದಲು ಕೈ ಊರಿಯೇ ಮಾಡಿ. ಐದರಿಂದ ಶುರು ಮಾಡಿ ಹತ್ತಕ್ಕೆ ಹೋಗಿ.

4. ದಿನಾ ಅರ್ಧ ಗಂಟೆ ಸಮನೆಲದ ಮೇಲೆ ನಡೆಯಿರಿ. ಒಂದೇ ಸಲ ಆಗದಿದ್ದರೆ ಹತ್ತು ಹತ್ತು ನಿಮಿಷ ಮೂರು ಸಲ.

ವ್ಯಾಯಾಮ ಮಾಡುವಾಗ ಸ್ವಲ್ಪ ನೋವು ಬಂದರೆ ಹೆದರಬೇಡಿ. ಮರುದಿನ ಬೆಳಿಗ್ಗೆ ನೋವು ಹೆಚ್ಚಾಗಿದ್ದರೆ ಅಥವಾ ಬಾವು ಬಂದಿದ್ದರೆ ಅರ್ಧಕ್ಕೆ ಇಳಿಸಿ, ಪೂರ್ತಿ ಬಿಡಬೇಡಿ. ಫಲ ಕಾಣಲು ಆರರಿಂದ ಎಂಟು ವಾರ ಬೇಕು.

ಮಗ್ಗದಲ್ಲಿ: ಕುಣಿಯ ಅಂಚಿಗೆ ದಪ್ಪ ಗಾದಿ ಹಾಕಿ. ತುಳಿಹಲಗೆ ತೀರ ಹತ್ತಿರವಿದ್ದರೆ ಸ್ವಲ್ಪ ದೂರಕ್ಕೆ ಕಟ್ಟಿಕೊಳ್ಳಿ. ಅರ್ಧ ಗಂಟೆಗೊಮ್ಮೆ ಎದ್ದು ಕಾಲು ನೆಟ್ಟಗೆ ಮಾಡಿ ನಾಲ್ಕು ಹೆಜ್ಜೆ ನಡೆಯಿರಿ. ಗಡಿಯಾರ ನೋಡಬೇಕಿಲ್ಲ, ಇಷ್ಟು ಕಂಡಿಕೆ ಮುಗಿದರೆ ಒಮ್ಮೆ ಏಳುವುದು ಎಂದು ಲೆಕ್ಕ ಇಟ್ಟುಕೊಳ್ಳಿ. ರಾಟಿಯನ್ನು ಎತ್ತರದ ಮಣೆಯ ಮೇಲಿಟ್ಟು, ಸ್ಟೂಲಿನ ಮೇಲೆ ಕೂತು ಕಂಡಿಕೆ ಸುತ್ತಬಹುದು.

ಮನೆಯಲ್ಲಿ: ಒಲೆಯನ್ನು ಕಟ್ಟೆಯ ಮೇಲೆ ಇಟ್ಟುಕೊಳ್ಳಿ. ಪಾಯಖಾನೆಯ ಗೋಡೆಗೆ ಹಿಡಿದು ಏಳಲು ಒಂದು ಕಬ್ಬಿಣದ ಹಿಡಿಕೆ ಹಾಕಿಸಿ. ನಡುವೆ ತೂತಿರುವ ಕುರ್ಚಿಯಾದರೆ ಇನ್ನೂ ಒಳ್ಳೆಯದು. ರಾತ್ರಿ ಮೊಣಕಾಲ ಕೆಳಗೆ ದಿಂಬು ಇಟ್ಟು ಮಲಗುವುದು ಹಿತ ಅನ್ನಿಸುತ್ತದೆ, ಆದರೆ ರೂಢಿ ಮಾಡಿಕೊಂಡರೆ ಕಾಲು ಮಡಚಿದಂತೆಯೇ ಬಿಗಿಯುತ್ತದೆ. ಮೆಟ್ಟಿಲು ಏರುವಾಗ ಒಳ್ಳೆಯ ಕಾಲು ಮೊದಲು, ಇಳಿಯುವಾಗ ನೋವಿನ ಕಾಲು ಮೊದಲು. ಕೋಲು ಹಿಡಿಯುವವರು ನೋವಿನ ಕಾಲಿನ ಎದುರು ಕೈಯಲ್ಲಿ ಹಿಡಿಯಿರಿ. ಬಲಗಾಲು ನೋವಿದ್ದರೆ ಎಡಗೈಯಲ್ಲಿ ಕೋಲು. ಬಲಗಾಲು ಊರುವಾಗ ಕೋಲೂ ಜೊತೆಗೇ ಊರಿ ಭಾರವನ್ನು ಹಂಚಿಕೊಳ್ಳುತ್ತದೆ.

ಪ್ರಾರ್ಥನೆಗೆ ಮೊಣಕಾಲೂರುವವರು, ನಮಾಜಿಗೆ ಕೂರುವವರು, ಭಜನೆಯಲ್ಲಿ ನೆಲದ ಮೇಲೆ ಕೂರುವವರು ನಮ್ಮಲ್ಲಿ ಎಲ್ಲರೂ ಇದ್ದೀರಿ. ನೋವಿದ್ದಾಗ ಕುರ್ಚಿಯ ಮೇಲೆ ಕೂತು ಮಾಡಿದ ಪ್ರಾರ್ಥನೆ ದೇವರಿಗೆ ಮುಟ್ಟದೇ ಇರುವುದಿಲ್ಲ. ಹಿರಿಯರಿಗೆ ಕುರ್ಚಿ ಹಾಕಿಕೊಡುವುದು ಕಿರಿಯರ ಕೆಲಸ.

ಡಾಕ್ಟರ ಬಳಿ ಯಾವಾಗ?

ಮೊಣಕಾಲು ಕೆಂಪಾಗಿ, ಬಿಸಿಯಾಗಿ, ಬಾತುಕೊಂಡು ಜ್ವರ ಬಂದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಬಿದ್ದ ಮೇಲೆ ಕಾಲೂರಲು ಬಾರದಿದ್ದರೆ, ಕಾಲು ನಡುವೆ ಸಿಕ್ಕಿಕೊಂಡು ಬಿಚ್ಚದಿದ್ದರೆ ತಡ ಮಾಡಬೇಡಿ. ಬೆಳಿಗ್ಗೆ ಎದ್ದಾಗ ಒಂದು ಗಂಟೆಯಾದರೂ ಬಿಗಿತ ಹೋಗದೆ, ಕೈ ಬೆರಳ ಕೀಲುಗಳೂ ಬಾತಿದ್ದರೆ ಅದು ಬೇರೆ ಜಾತಿಯ ವಾತ, ಅದಕ್ಕೆ ಬೇರೆ ಔಷಧಿ ಇದೆ. 2006ರಲ್ಲಿ ಚಿಕುನ್‌ಗುನ್ಯಾ ಬಂದಾಗ ಎಷ್ಟೋ ಜನ ತಿಂಗಳುಗಟ್ಟಲೆ ಕೀಲುನೋವು ಅನುಭವಿಸಿದ್ದು ನಿಮಗೆ ನೆನಪಿರಬಹುದು. ಅದೂ ಸವೆತವಲ್ಲ. ನಮ್ಮ ಜಿಲ್ಲೆಯ ಕೆಲವು ಕೊಳವೆ ಬಾವಿಗಳಲ್ಲಿ ಫ್ಲೋರೈಡ್ ಹೆಚ್ಚಿದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಿದ ನೀರು ಕುಡಿಯಲು ತಕ್ಕದ್ದಲ್ಲ. ಬೆಳೆಯುವ ಮಕ್ಕಳ ಮೊಣಕಾಲು ಒಳಕ್ಕೋ ಹೊರಕ್ಕೋ ಬಾಗುತ್ತಿದ್ದರೆ ಮಗುವನ್ನು ಡಾಕ್ಟರಿಗೆ ತೋರಿಸಿ, ನೀರನ್ನೂ ಪರೀಕ್ಷೆ ಮಾಡಿಸಿ.

ಅಂಗಡಿಯಿಂದ ನೋವಿನ ಗುಳಿಗೆ ತಂದು ದಿನಾ ನುಂಗುವುದು ಅಪಾಯ. ಹೊಟ್ಟೆಯಲ್ಲಿ ಹುಣ್ಣಾಗುತ್ತದೆ, ಮೂತ್ರಪಿಂಡ ಕೆಡುತ್ತದೆ. ಬಿಪಿ, ಸಕ್ಕರೆ ಕಾಯಿಲೆ ಇದ್ದವರಿಗಂತೂ ಇನ್ನೂ ಕೇಡು. ಹೆಸರಿಲ್ಲದ ಪುಡಿ ತಿಂದ ದಿನವೇ ನೋವು ಮಾಯವಾದರೆ ಅದರಲ್ಲಿ ಸ್ಟಿರಾಯ್ಡ್ ಇರಬಹುದು ಎಂದು ಅನುಮಾನ ಪಡಿ.

ದುರ್ಬೀನು ಹಾಕಿ ಮೊಣಕಾಲನ್ನು ತೊಳೆದರೆ ಸಂಧಿವಾತ ವಾಸಿ ಎಂದು ಯಾರಾದರೂ ಹೇಳಿದರೆ ಒಂದು ಸಂಗತಿ ನೆನಪಿಡಿ. ಅಮೇರಿಕದ ಹ್ಯೂಸ್ಟನ್‌ನಲ್ಲಿ 180 ರೋಗಿಗಳ ಒಪ್ಪಿಗೆ ಪಡೆದು ನಡೆದ ಒಂದು ಪರೀಕ್ಷೆಯ ಫಲಿತಾಂಶ 2002ರಲ್ಲಿ ಪ್ರಕಟವಾಯಿತು. ಕೆಲವರಿಗೆ ಒಳಗೆ ತೊಳೆದರು, ಕೆಲವರಿಗೆ ಹೆರೆದರು, ಕೆಲವರಿಗೆ ಚರ್ಮ ಮಾತ್ರ ಕೊಯ್ದು ಹೊಲಿದರು. ಎರಡು ವರ್ಷ ನೋಡಿದರೂ ಮೂರೂ ಗುಂಪಿನ ನೋವಿನಲ್ಲಿ ವ್ಯತ್ಯಾಸ ಕಾಣಲಿಲ್ಲ.

ಕೀಲು ಬದಲಿಸುವ ಶಸ್ತ್ರಚಿಕಿತ್ಸೆ ಬೇರೆ ವಿಷಯ. ರಾತ್ರಿ ನಿದ್ದೆಯಿಲ್ಲದೆ, ಮನೆಯೊಳಗೂ ನಡೆಯಲಾಗದೆ, ಬೇರೆ ಯಾವುದರಿಂದಲೂ ಗುಣ ಕಾಣದವರಿಗೆ ಅದು ಒಳ್ಳೆಯ ಉಪಾಯ. ಎಲುಬಿನ ತುದಿಗಳಿಗೆ ಲೋಹದ ಟೊಪ್ಪಿಗೆ, ನಡುವೆ ಪ್ಲಾಸ್ಟಿಕ್ ಗಾದಿ ಹಾಕುತ್ತಾರೆ. 2017ರ ಆಗಸ್ಟ್‌ನಲ್ಲಿ ಕೇಂದ್ರ ಸರ್ಕಾರ ಈ ಕೃತಕ ಕೀಲಿಗೆ ಗರಿಷ್ಠ ದರ ಗೊತ್ತುಪಡಿಸಿತು. ಹೆಚ್ಚು ಬಳಕೆಯ ಕೋಬಾಲ್ಟ್ ಕ್ರೋಮಿಯಂ ಕೀಲಿಗೆ ಆಗ ತೆರಿಗೆ ಬಿಟ್ಟು 54,720 ರೂಪಾಯಿ ಎಂದಾಯಿತು. ದರ ಪರಿಷ್ಕರಣೆಯಾಗುತ್ತಿರುತ್ತದೆ, ಆದ್ದರಿಂದ ಆ ಹೊತ್ತಿನ ದರ ಕೇಳಿ ತಿಳಿಯಿರಿ. ಬಿಲ್ಲಿನಲ್ಲಿ ಕೀಲಿನ ಬೆಲೆಯನ್ನು ಬೇರೆಯಾಗಿ ಬರೆದುಕೊಡಲು ಕೇಳುವ ಹಕ್ಕು ನಿಮಗಿದೆ. ಬಿಪಿಎಲ್ ಕಾರ್ಡಿದ್ದವರು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಏನು ಸಿಗುತ್ತದೆ ಎಂದು ಸರ್ಕಾರಿ ಆಸ್ಪತ್ರೆಯಲ್ಲಿ ಮೊದಲು ವಿಚಾರಿಸಿ, ಆಮೇಲೆ ಸಾಲದ ಮಾತು. ಶಸ್ತ್ರಚಿಕಿತ್ಸೆ ಆದವರಿಗೂ ತೊಡೆಯ ವ್ಯಾಯಾಮ ತಪ್ಪಿದ್ದಲ್ಲ. ಲೋಹದ ಕೀಲನ್ನು ಎಳೆಯುವುದೂ ಅದೇ ಹಳೆಯ ಸ್ನಾಯು.

ಸಂಘದಿಂದ ಆಗಬೇಕಾದ್ದು

ತಾಯಂದಿರೇ, ನೀವು ನೋವನ್ನು ಮುಚ್ಚಿಡುತ್ತೀರಿ. ಮಗ್ಗದ ಹಗ್ಗ ಹರಿದರೆ ಅದೇ ದಿನ ಕಟ್ಟುತ್ತೀರಿ, ನಿಮ್ಮ ಕಾಲಿನ ನೋವನ್ನು ಮಾತ್ರ ವರ್ಷಗಟ್ಟಲೆ ಯಾರಿಗೂ ಹೇಳುವುದಿಲ್ಲ. ಮನೆಯವರಿಗೆ ತಿಳಿಯುವುದು ನೀವು ಏಳಲಾರದೆ ಕೂತ ದಿನ. ಅಷ್ಟು ದಿನ ಕಾಯಬೇಡಿ.

ನಿಮ್ಮ ಸಂಘಗಳಿಗೆ ಮೂರು ಕೋರಿಕೆಗಳಿವೆ. ವಾರದ ಸಭೆಯಲ್ಲಿ ಉಳಿತಾಯದ ಲೆಕ್ಕ ಬರೆಯುವ ಮೊದಲು ಹತ್ತು ನಿಮಿಷ ಎಲ್ಲರೂ ಸೇರಿ ಈ ವ್ಯಾಯಾಮ ಮಾಡಿ. ಒಬ್ಬರೇ ಮಾಡಿದರೆ ನಾಲ್ಕು ದಿನಕ್ಕೆ ಬಿಡುತ್ತೇವೆ, ಹತ್ತು ಜನ ಸೇರಿದರೆ ನಡೆಯುತ್ತದೆ. ಎರಡನೆಯದು, ಎತ್ತರದ ಸ್ಟೂಲು, ಒಲೆಯ ಕಟ್ಟೆ, ಪಾಯಖಾನೆಯ ಹಿಡಿಕೆ ಇಂಥವಕ್ಕೆ ಸಂಘದ ಒಳಸಾಲ ಕೊಡಿ. ಇವು ಖರ್ಚಿನ ಬಾಬತ್ತಲ್ಲ, ಮಗ್ಗದ ರಿಪೇರಿ ಇದ್ದ ಹಾಗೆ. ಮೂರನೆಯದು, ಮೊಣಕಾಲು ನೋಯುವ ಸದಸ್ಯರ ಪಟ್ಟಿ ಮಾಡಿ ಎಲ್ಲರೂ ಒಂದೇ ದಿನ ಕೂಡಿ ಸರ್ಕಾರಿ ಆಸ್ಪತ್ರೆಗೆ ಹೋಗಿ. ಒಬ್ಬಳೇ ಹೋದರೆ ಗುಳಿಗೆ ಕೊಟ್ಟು ಕಳಿಸಬಹುದು, ಹದಿನೈದು ಜನ ಹೋದರೆ ಕೂಡಿಸಿ ಮಾತಾಡುತ್ತಾರೆ.

ಗಂಡಸರಿಗೂ ಒಂದು ಮಾತು. ನೀರಿನ ಕೊಡ ಎತ್ತುವುದು, ಬಟ್ಟೆ ಒಗೆಯುವುದು ಹೆಂಗಸರ ಮೊಣಕಾಲಿಗೇ ಬರೆದಿಟ್ಟ ಕೆಲಸವಲ್ಲ. ನೀವು ಹಂಚಿಕೊಂಡಷ್ಟು ಆಕೆಯ ಕಾಲು ಉಳಿಯುತ್ತದೆ, ನಿಮ್ಮ ಕಾಲೂ ಗಟ್ಟಿಯಾಗುತ್ತದೆ.

ಇವತ್ತು ಮನೆಗೆ ಹೋದ ಮೇಲೆ ಟವೆಲ್ ಮಡಚಿ ಮೊಣಕಾಲ ಕೆಳಗೆ ಇಟ್ಟು ಹತ್ತು ಸಾರಿ ಒತ್ತಿ ನೋಡಿ. ಅತ್ತೆಗೂ ಹೇಳಿಕೊಡಿ, ಮಗಳಿಗೂ ಹೇಳಿಕೊಡಿ. ಬರುವ ತಿಂಗಳ ಸಭೆಗೆ ಯಾರು ಕೈ ಊರದೆ ಎದ್ದು ನಿಲ್ಲುತ್ತೀರಿ ನೋಡೋಣ.

ಇಷ್ಟು ಹೊತ್ತು ಕೂತು ಕೇಳಿದ್ದೀರಿ. ಈಗ ಎಲ್ಲರೂ ಎದ್ದು ನಿಲ್ಲಿ, ಕಾಲು ನೆಟ್ಟಗೆ ಮಾಡಿ.